ಎರಡನೆಯ ಗುಂಡು

ಕೋವಿಗೆ ಎಣ್ಣೆ ಹಾಕುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ನಮ್ಮವರಿಗೆ ಕೋವಿ ಹಿಡಿದು ತೋಟ ಸುತ್ತುವ ಉಮೇದಿದೆ, ಒರೆಸಿಡುವ ಉಮೇದಿಲ್ಲ. ಕಳೆದ ವಾರ ಹಳೆಯ ಬನಿಯನ್ ತುಂಡನ್ನು ಸರಳಿಗೆ ಸುತ್ತಿ ನಳಿಗೆಯೊಳಗೆ ತೂರಿಸುತ್ತಿದ್ದಾಗ ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಊರಿನ ಬೇರೆ ಯಾರಿಗಾದರೂ ಆ ವಾಸನೆಗೆ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಟ್ಟದ್ದು ನೆನಪಾದೀತು. ನನಗೆ ನೆನಪಾಗುವುದು ಒಂದು ಫೆಬ್ರವರಿ. ಕಾಶ್ಮೀರದ ಹೆದ್ದಾರಿಯಲ್ಲಿ, ಜವಾನರು ಕೂತಿದ್ದ ಬಸ್ಸಿಗೆ ಮದ್ದುಗುಂಡು ತುಂಬಿದ ಕಾರು ಬಂದು ಗುದ್ದಿದ ಆ ಫೆಬ್ರವರಿ. ದೇಶವೆಲ್ಲ ಟಿ.ವಿ. ಮುಂದೆ ಕೂತು ಅತ್ತಿತು. ನಾನು ಅತ್ತದ್ದು ಮಾರನೆಯ ದಿನ, ಬೇರೆ ಕಾರಣಕ್ಕೆ. ಆ ಕಾರಣ ನನ್ನದೇ ಕೈಯಿಂದ ಆದದ್ದು.

ಅದರ ಹಿಂದಿನ ಮಳೆಗಾಲದಲ್ಲಿ ಮಡಿಕೇರಿಯ ಆಚೆ ಗುಡ್ಡಗಳು ಕುಸಿದಿದ್ದವು. ಅಮ್ಮತ್ತಿಯಿಂದ ನಾಲ್ಕು ಮೈಲಿ ಒಳಗಿರುವ ನಮ್ಮ ಕಡೆ ಗುಡ್ಡ ಬೀಳಲಿಲ್ಲ, ಕಾಫಿ ಕಾಯಿ ಬಿತ್ತು. ಗಿಡದಲ್ಲಿ ಉಳಿದದ್ದೇ ಕಡಿಮೆಯಾದ್ದರಿಂದ ಪಿಕಿಂಗ್ ಬೇಗ ಮುಗಿದು, ಫೆಬ್ರವರಿಯ ಹೊತ್ತಿಗೆ ಲೈನ್ ಮನೆಗಳ ಕೂಲಿಯವರು ಮೆಣಸಿನ ಬಳ್ಳಿಗೆ ಏಣಿ ಒರಗಿಸಿದ್ದರು. ಬೆಳಿಗ್ಗೆ ಮಂಜು, ಹತ್ತು ಗಂಟೆಯಾದರೆ ನೆತ್ತಿ ಸುಡುವ ಬಿಸಿಲು. ಕಣದ ತುಂಬ ಕಾಫಿ ಹಣ್ಣು ಒಣಗುವ ಹುಳಿ ವಾಸನೆ. ಶಾಲೆಯಿಂದ ನಿವೃತ್ತಳಾಗಿ ನನಗೆ ಅದು ಮೊದಲ ಬೇಸಿಗೆ. ಬೈಯಲು ಮಕ್ಕಳು ಸಿಗದೆ ಕಾಫಿ ಕೆದಕುವವರನ್ನು ಬೈದುಕೊಂಡು ಕಾಲ ಕಳೆಯುತ್ತಿದ್ದೆ.

ಆ ಮಳೆಗೆ ಸತ್ತ ನಮ್ಮ ಲ್ಯಾಂಡ್‌ಲೈನ್ ಮತ್ತೆ ಏಳಲೇ ಇಲ್ಲ. ಮೊಬೈಲಿಗೆ ರೇಂಜ್ ಸಿಗುತ್ತಿದ್ದುದು ಕಣದ ಮೂಲೆಯ ಸಿಲ್ವರ್ ಓಕ್ ಮರದ ಬುಡದಲ್ಲಿ ಮಾತ್ರ. ಆ ಮರಕ್ಕೆ ಒಂದು ಮೊಳೆ ಹೊಡೆದು, ಬಟ್ಟೆಯ ಚೀಲ ನೇತುಹಾಕಿ, ಅದರೊಳಗೆ ನನ್ನ ಫೋನ್ ಇಟ್ಟಿರುತ್ತಿದ್ದೆ. ನಮ್ಮವರು ಅದನ್ನು ಅಂಚೆ ಡಬ್ಬಿ ಎಂದು ಗೇಲಿ ಮಾಡುತ್ತಿದ್ದರು. ಅವರಿಗೆ ಗೇಲಿಯಾದದ್ದು ದೇವಕಿಗೆ ನಿಜವಾಗಿಯೂ ಅಂಚೆಯೇ.

ದೇವಕಿ ಗದ್ದೆಯ ಆಚೆ ದಡದವಳು, ನಮ್ಮಂತೆಯೇ ಅರೆಭಾಷೆ ಆಡುವ ಗೌಡರವಳು. ಎರಡು ಎಕರೆ ಕಾಫಿ, ಎರಡು ದನ, ಒಬ್ಬ ಮಗ ಲೋಕೇಶ. ಗಂಡ ಹೋಗಿ ಹದಿನೈದು ವರ್ಷವಾಗಿತ್ತು. ಲೋಕೇಶ ನನ್ನ ಹತ್ತಿರ ನಾಲ್ಕನೇ ಕ್ಲಾಸಿನಲ್ಲಿ ಕಲಿತವನು. ಕಲಿತ ಎನ್ನುವುದಕ್ಕಿಂತ, ಬೆಂಚಿನ ಮೇಲೆ ನಿಂತವನು. ಮುಂದೆ ಅರೆಸೇನೆಗೆ ಸೇರಿ ಕಾಶ್ಮೀರಕ್ಕೆ ಹೋದ. ಅವನು ತನ್ನ ಕಚೇರಿಯಲ್ಲಿ ಮನೆಯ ನಂಬರ್ ಎಂದು ಬರೆಸಿದ್ದು ನನ್ನ ನಂಬರ್. ಅವನ ಫೋನ್ ಬಂದರೆ ನಾನು ಕಣದ ಅಂಚಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು 'ಕೂಯ್' ಎಂದು ಕೂಗುವುದು, ಅವಳು ಗದ್ದೆಯ ಬದುವಿನ ಮೇಲೆ ಓಡಿ ಬರುವುದು. ಹೀಗೆ ಅವಳ ಮಗನ ಸುದ್ದಿಯೆಲ್ಲ ಮೊದಲು ನನ್ನ ಕಿವಿಗೆ ಬಿದ್ದು ಆಮೇಲೆ ಅವಳಿಗೆ ಸೇರುತ್ತಿತ್ತು.

ರಜೆಗೆ ಬಂದಿದ್ದ ಲೋಕೇಶ ಆ ತಿಂಗಳ ಆರಂಭದಲ್ಲಿ ಹಿಂದೆ ಹೋಗಿದ್ದ. ಜಮ್ಮುವಿನಿಂದ ಫೋನ್ ಮಾಡಿ, ಹಿಮ ಬಿದ್ದು ಮೇಲಿನ ದಾರಿ ಮುಚ್ಚಿದೆ, ತೆರೆದ ಕೂಡಲೇ ಎಲ್ಲರನ್ನೂ ಒಟ್ಟಿಗೆ ಬಸ್ಸುಗಳಲ್ಲಿ ಕಳಿಸುತ್ತಾರೆ ಎಂದಿದ್ದ. ಮೂರು ದಿನ ಕಳೆದ ಮೇಲೆ, ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿ ಒಳಗೆ ಬಂದಾಗ ಟಿ.ವಿ.ಯಲ್ಲಿ ಆ ಬಸ್ಸು ಕಂಡಿತು. ಅದು ಬಸ್ಸು ಎಂದು ಹೇಳಿದ್ದರಿಂದ ಬಸ್ಸು ಎಂದುಕೊಳ್ಳಬೇಕು, ಅಷ್ಟೇ. ನಾನು ಕೂಗುವ ಮೊದಲೇ ದೇವಕಿ ಬಂದಳು, ಯಾರೋ ದಾರಿಯಲ್ಲಿ ಹೇಳಿದ್ದರಂತೆ. ಬಾಗಿಲಲ್ಲೇ ನಿಂತು ಟಿ.ವಿ. ನೋಡಿದಳು. ಹೆಸರು ಹೇಳುತ್ತಾರಾ ಎಂದು ಕೇಳಿದಳು. ಹೆಸರು ಹೇಳುತ್ತಿರಲಿಲ್ಲ, ಎಣಿಕೆ ಮಾತ್ರ ಹೇಳುತ್ತಿದ್ದರು, ಅದು ಗಳಿಗೆಗೊಮ್ಮೆ ಏರುತ್ತಿತ್ತು. ಮರದ ಬುಡಕ್ಕೆ ಹೋಗಿ ಲೋಕೇಶನ ನಂಬರಿಗೆ ಎಷ್ಟು ಸಲ ಒತ್ತಿದರೂ ಒಬ್ಬಳು ಹಿಂದಿಯಲ್ಲಿ ಏನೋ ಹೇಳಿ ಮುಗಿಸಿಬಿಡುತ್ತಿದ್ದಳು.

"ಇಲ್ಲೇ ಇರ್, ದೇವಕಿ. ಹೋಗ್ಬೇಡ" ಎಂದೆ.

"ದನ ಕರೀಕೆ ಉಟ್ಟು ಅಕ್ಕ" ಎಂದಳು, ಹಾಲು ಕರೆಯುವ ಹೊತ್ತಾಗಿತ್ತು. ಅಂಗಳ ದಾಟಿ ಹೋದವಳು ತಿರುಗಿ ನಿಂತು, "ಫೋನ್ ಬಂದ್ರೆ ಕೂಗಿ. ಎಂಥ ಆದ್ರೂ ಕೂಗಿ, ಅಡಗಿಸ್ಬೇಡಿ" ಎಂದಳು. ಕೂಗುತ್ತೇನೆ ಎಂದು ಮಾತು ಕೊಟ್ಟೆ.

ಫೋನ್ ಬರಲಿಲ್ಲ. ಬೆಳಿಗ್ಗೆ ನಮ್ಮವರು ಸ್ಪ್ರಿಂಕ್ಲರ್ ಪಂಪಿನ ಯಾವುದೋ ಬಿಡಿಭಾಗ ತರಲು ಜೀಪು ಹತ್ತಿ ಗೋಣಿಕೊಪ್ಪಲಿಗೆ ಹೋದರು. ನಾನು ಕಣದಲ್ಲಿ ಮರದ ಬುಡಕ್ಕೇ ಮಣೆ ಹಾಕಿಕೊಂಡು ಕೂತೆ. ಕಣದ ಕೆಳಗೆ ಮಣಿಯಣ್ಣ ಮತ್ತೆ ಮೂವರು ಮೆಣಸು ಕೊಯ್ಯುತ್ತಿದ್ದರು. ಮಣಿಯಣ್ಣ ನಮ್ಮ ಲೈನಿನ ತಮಿಳರವನು, ಇಪ್ಪತ್ತು ವರ್ಷದಿಂದ ಇರುವವನು. ಒಂಟಿ ಬಿದಿರಿನ ಏಣಿ ಹತ್ತಿ ನಿಂತರೆ ಕೆಳಗೆ ಭೂಮಿ ಇದೆ ಎಂಬುದೇ ಅವನಿಗೆ ಮರೆತುಹೋಗುತ್ತದೆ.

ಒಂಬತ್ತು ಗಂಟೆಯಿರಬಹುದು. ಕೆರೆಯ ಕಡೆಯಿಂದ ಕಾಫಿ ಗಿಡ ಮುರಿಯುವ ಸದ್ದು ಬಂತು. ಆ ವರ್ಷವೆಲ್ಲ ನಮ್ಮ ಸುತ್ತಿನ ತೋಟಗಳಲ್ಲಿ ತಿರುಗುತ್ತಿದ್ದ ಒಂಟಿ ಸಲಗ. ಮೂವರು ಏಣಿ ಬಿಟ್ಟು ಓಡಿದರು. ಮಣಿಯಣ್ಣ ಮೇಲೆಯೇ ಉಳಿದ. ಇಳಿದರೆ ಆನೆಯ ಕಾಲಡಿಗೆ, ಇಳಿಯದಿದ್ದರೆ ಏಣಿಯೇ ಇಳಿಯುತ್ತದೆ. "ಟೀಚರಮ್ಮಾ" ಎಂದು ಅವನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ನಾನು ಒಳಗೆ ಓಡಿ ಕೋವಿ ತಂದು, ಎರಡೂ ನಳಿಗೆಗೆ ತೋಟೆ ತುಂಬಿ, ಆಕಾಶಕ್ಕೆ ಒಂದು ಹೊಡೆದೆ. ಆನೆ ಹೆದರಬೇಕಾಗಿತ್ತು. ಅದು ಕಿವಿ ನಿಮಿರಿಸಿ ಏಣಿಯ ಕಡೆಗೇ ತಿರುಗಿತು. ನನ್ನ ಬೆರಳು ಇನ್ನೊಂದು ನಳಿಗೆಯ ಕುದುರೆಯನ್ನೂ ಎಳೆಯಿತು. ಆನೆ ಹಿಂದೆ ಸರಿದು, ಕೆರೆಯ ಏರಿ ದಾಟಿ ಹೋಯಿತು. ಮಣಿಯಣ್ಣ ಅಪ್ಪಿಕೊಂಡಿದ್ದ ಬಳ್ಳಿಯನ್ನು ಇನ್ನೂ ಬಿಟ್ಟಿರಲಿಲ್ಲ. ಗೆದ್ದೆ ಎಂದು ನಾನು ಉಸಿರು ಬಿಟ್ಟೆ. ಆ ಉಸಿರು ಪೂರ್ತಿ ಹೊರಗೆ ಬರಲಿಲ್ಲ.

ನಮ್ಮ ಕೊಡಗಿನಲ್ಲಿ ಸಾವಾದರೆ ಒಂದರ ಬೆನ್ನಿಗೆ ಇನ್ನೊಂದು, ಎರಡು ಗುಂಡು. ಕೊಡವರಿಗೂ ಅದೇ, ನಮಗೂ ಅದೇ. ಎರಡು ಕೇಳಿದರೆ ಕೈಯ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಸದ್ದು ಬಂದ ದಿಕ್ಕಿಗೆ ನಡೆಯಬೇಕು. ಯಾರು ಹೋದರೆಂದು ದಾರಿಯಲ್ಲಿ ಕೇಳಿಕೊಂಡರಾಯಿತು. ಅದಕ್ಕೇ ಆನೆ, ಹಂದಿ ಓಡಿಸುವವರು ಒಂದು ಹೊಡೆದ ಮೇಲೆ, ವೀಳ್ಯದೆಲೆ ಮಡಿಸಿ ಬಾಯಿಗಿಡುವಷ್ಟು ಹೊತ್ತು ಬಿಟ್ಟು ಇನ್ನೊಂದು ಹೊಡೆಯುತ್ತಾರೆ. ನನಗೆ ಕೋವಿ ಹಿಡಿಯಲು ಕಲಿಸಿದ ಮಾವನವರು ಗುರಿ ಇಡುವುದಕ್ಕಿಂತ ಮೊದಲು ಹೇಳಿಕೊಟ್ಟದ್ದು ಈ ಬಿಡುವನ್ನು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಗದ್ದೆಯ ಆಚೆ ದಡ ನೋಡಿದೆ. ದೇವಕಿಯ ಅಡುಗೆಮನೆಯ ಹೊಗೆ ಏಳುತ್ತಿತ್ತು. ನಾನು 'ಕೂಯ್' ಎಂದು ಕೂಗಬೇಕೆಂದು ಬಾಯಿ ತೆರೆದೆ. ಏನೆಂದು ಕೂಗುವುದು? ಕೂಗಿದರೆ ಅವಳಿಗೆ ಇನ್ನಷ್ಟು ಖಾತ್ರಿಯಾಗುವುದಿಲ್ಲವೇ? ನಾನು ನೋಡುತ್ತಿದ್ದಂತೆಯೇ ಆ ಹೊಗೆ ಒಮ್ಮೆ ದಟ್ಟವಾಗಿ ಮೇಲೆದ್ದು, ನಿಂತುಹೋಯಿತು. ಕೋವಿಯನ್ನು ಕಣದಲ್ಲೇ ಎಸೆದು ಓಡಿದೆ.

ಗದ್ದೆಯ ಬದುವಿನಲ್ಲಿ ಪೂವಯ್ಯನವರು ಎದುರಾದರು. ಮಿಲಿಟರಿಯಿಂದ ನಿವೃತ್ತರಾದ ಕೊಡವರು, ನಮ್ಮ ಪಕ್ಕದ ತೋಟದವರು. ಆಗಲೇ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟಿದ್ದರು.

"ನಿಮ್ಮ ಮನೆಗೆ ಅಂತ ಹೊರಟೆ. ನೀವೇ ಓಡ್ತಾ ಇದ್ದೀರಲ್ಲ. ಹಾಗಾದ್ರೆ ಆ ಹುಡುಗನೇ ಅಲ್ವಾ ಟೀಚರೇ?"

"ಅಲ್ಲ ಪೂವಯ್ಯನವರೇ, ಆನೆಗೆ ಹೊಡೆದದ್ದು, ಎರಡು ಬಿದ್ದುಹೋಯ್ತು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. "ನಡೀರಿ, ನಾನೂ ಬರ್ತೇನೆ" ಎಂದಷ್ಟೇ ಹೇಳಿದರು.

ದೇವಕಿ ಒಲೆಗೆ ಕೊಡ ನೀರು ಸುರಿದಿದ್ದಳು. ಬೂದಿ ನೀರು ಅಡುಗೆಮನೆಯಿಂದ ಹೊಸ್ತಿಲವರೆಗೆ ಹರಿದು ಬಂದಿತ್ತು. ಸಾವಾದ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಅವಳು ಚಾವಡಿಯಲ್ಲಿ ಚಾಪೆ ಹಾಸುತ್ತಿದ್ದಳು, ಬರುವವರು ಕೂರಬೇಕಲ್ಲ. ನನ್ನನ್ನು ಕಂಡು ಅಳಲಿಲ್ಲ.

"ಫೋನ್ ಯಾವಾಗ ಬಾತ್ ಅಕ್ಕ?"

"ಫೋನ್ ಬಾತಿಲ್ಲೆ ದೇವಕಿ. ದೇವರಾಣೆ ಬಾತಿಲ್ಲೆ. ಆನೆ ಬಾತ್, ಅದಕ್ಕೆ ಹೊಡ್ದೆ."

"ಕೂಗಿ ಹೇಳಿ ಹೇಳ್ದೆ ಅಲ್ಲ ನಿಮಗೆ. ಕೂಗಿಕೆ ಬಾಯಿ ಬಾತಿಲ್ಲೆ, ಅದಕ್ಕೆ ಹೊಡ್ದರಿ" ಎಂದಳು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ.

ಆಣೆ ಇಟ್ಟೆ, ಕೈ ಹಿಡಿದೆ, ಪೂವಯ್ಯನವರ ಹತ್ತಿರ ಹೇಳಿಸಿದೆ. ಹೇಳಿದಷ್ಟೂ ಅವಳ ನಂಬಿಕೆ ಗಟ್ಟಿಯಾಯಿತು. ಅದಕ್ಕೆ ಕಾರಣವಿತ್ತು, ಆ ಕಾರಣವೂ ನಾನೇ. ಹದಿನೈದು ವರ್ಷದ ಹಿಂದೆ ಅವಳ ಗಂಡ ಅಮ್ಮತ್ತಿಯ ಹತ್ತಿರದ ಎಸ್ಟೇಟಿನಲ್ಲಿ ನೆರಳಿನ ಮರ ಹತ್ತಿ ಕೊಂಬೆ ಸವರುವಾಗ ಕೆಳಗೆ ಬಿದ್ದ. ಆಗಲೂ ಫೋನ್ ಬಂದದ್ದು ನಮ್ಮ ಮನೆಗೆ. ಅವನು ಸತ್ತಿದ್ದಾನೆಂದು ಗೊತ್ತಿದ್ದೂ ನಾನು, "ಸ್ವಲ್ಪ ಪೆಟ್ಟಾಗಿದೆಯಂತೆ, ಆಸ್ಪತ್ರೆಗೆ ಹೋಗಿ ನೋಡಿ ಬರೋಣ" ಎಂದು ಅವಳನ್ನು ಜೀಪಿಗೆ ಹತ್ತಿಸಿದೆ. ಅವಳು ಗಂಡನಿಗೆ ಕುಡಿಸಲು ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಬಂದಿದ್ದಳು. ಒಳ್ಳೆಯದಕ್ಕೇ ಸುಳ್ಳು ಹೇಳಿದೆ ಎಂದು ನಾನು ಇಷ್ಟು ವರ್ಷ ನನ್ನ ಬೆನ್ನು ತಟ್ಟಿಕೊಂಡಿದ್ದೆ. ಈಗ ದೇವಕಿ ಚಾಪೆಯ ತುದಿ ಸರಿಮಾಡುತ್ತ, "ಅಂದೂ ಪೆಟ್ಟು ಹೇಳ್ದರಿ ಅಕ್ಕ" ಎಂದಳು.

ಜನ ಬರತೊಡಗಿದರು. ಬದುವಿನ ಮೇಲೆ, ಗೇಟಿನ ಕಡೆಯಿಂದ, ಬಿಳಿ ಬಟ್ಟೆಯವರು ಒಬ್ಬೊಬ್ಬರಾಗಿ. ಪ್ರತಿಯೊಬ್ಬರಿಗೂ ನಾನು ಆನೆಯ ಕಥೆ ಹೇಳಿದೆ. ಕೇಳಿದವರು ತಲೆಯಾಡಿಸಿದರು, ಆದರೆ ಯಾರೂ ತಿರುಗಿ ಹೋಗಲಿಲ್ಲ. ಹೇಗೆ ಹೋದಾರು? ಹುಡುಗ ಇದ್ದಾನೆಂದು ಹೇಳಲು ನನ್ನಿಂದಲೂ ಆಗುತ್ತಿರಲಿಲ್ಲವಲ್ಲ. ಗುಂಡು ಸುಳ್ಳು ಎಂಬುದಷ್ಟೇ ನನಗೆ ಗೊತ್ತಿತ್ತು, ಸುದ್ದಿ ಸುಳ್ಳೋ ನಿಜವೋ ಗೊತ್ತಿರಲಿಲ್ಲ. ನನ್ನ ಕೈ ಮುಂದಾಗಿ ಹೇಳಿದ್ದೇ ಮಧ್ಯಾಹ್ನಕ್ಕೆ ನಿಜವಾದರೆ ಎಂದು ಯೋಚನೆ ಬಂದಾಗಲೆಲ್ಲ ಮುಂದಿನವರಿಗೆ ಆನೆಯ ಕಥೆ ಶುರುಮಾಡುತ್ತಿದ್ದೆ.

ದಾರಿ ಕಂಡುಹಿಡಿದವರು ಪೂವಯ್ಯನವರು. "ಇಲ್ಲಿ ಕೂತು ಪ್ರಯೋಜನ ಇಲ್ಲ. ಫೋನ್ ಇರುವಲ್ಲಿಗೇ ಹೋಗುವ. ಬಾ ತಂಗಿ" ಎಂದು ದೇವಕಿಯನ್ನು ಎಬ್ಬಿಸಿದರು. ಹೀಗೆ ಮೂವತ್ತು ಜನ ಬಿಳಿ ಬಟ್ಟೆಯಲ್ಲಿ ಗದ್ದೆ ದಾಟಿ ನಮ್ಮ ಕಣಕ್ಕೆ ಬಂದು, ಒಣಗುವ ಕಾಫಿಯ ಸುತ್ತ ಕೂತೆವು. ದೇವಕಿ ಸಿಲ್ವರ್ ಮರಕ್ಕೆ ಬೆನ್ನು ಕೊಟ್ಟು ಕೂತಳು. ಮಣಿಯಣ್ಣ ಎಲ್ಲರಿಗೂ ನೀರು ಕೊಟ್ಟ. ಅವಳಿಗೆ ಕೊಡುವಾಗ, "ನನ್ನಿಂದ ಆಯ್ತಮ್ಮಾ, ನಾನು ಕೂಗಬಾರದಿತ್ತು" ಎಂದ. ಅವಳು ಲೋಟ ತೆಗೆದುಕೊಂಡು ಅವನ ಮುಖ ನೋಡಿದಳು. ಆನೆ ಬಂದದ್ದು ಹೌದೇನೋ ಎಂಬ ಅನುಮಾನ ಅವಳಿಗೆ ಹುಟ್ಟಿದ್ದು ಆಗಲೇ ಇರಬೇಕು.

"ಇಂಥ ಸುದ್ದಿ ಬರೇ ಫೋನಲ್ಲಿ ಹೇಳಿ ಬಿಡೋದಿಲ್ಲ. ಜೀಪಲ್ಲಿ ಪೊಲೀಸರು ಮನೆಗೆ ಬರ್ತಾರೆ. ಜೀಪು ಬಂದಿಲ್ಲ ಅಂದರೆ ಧೈರ್ಯ ಇಟ್ಕೊಳ್ಬೇಕು" ಎಂದರು ಪೂವಯ್ಯನವರು. ಅವರು ಬಾಯಿ ಮುಚ್ಚಿ ಐದು ನಿಮಿಷ ಆಗಿರಲಿಲ್ಲ, ಗೇಟಿನ ಆಚೆ ಜೀಪಿನ ಸದ್ದು ಕೇಳಿಸಿತು. ಕಣದಲ್ಲಿ ಒಬ್ಬರೂ ಅಲುಗಲಿಲ್ಲ. ದೇವಕಿ ಕಣ್ಣು ಮುಚ್ಚಿಕೊಂಡಳು. ತಿರುವಿನಲ್ಲಿ ಬಂದದ್ದು ನಮ್ಮದೇ ಜೀಪು, ಪಂಪಿನ ಬಿಡಿಭಾಗ ಸಿಕ್ಕಿದ ಖುಷಿಯಲ್ಲಿ ನಮ್ಮವರು. ಇಳಿದು ನೋಡಿದರೆ ತಮ್ಮ ಕಣದ ತುಂಬ ಬಿಳಿ ಬಟ್ಟೆ. ಪಾಪ, ಮನೆಯಲ್ಲಿ ಇದ್ದವಳು ನಾನೊಬ್ಬಳೇ ಅಲ್ಲವೇ? ಕೈಯಲ್ಲಿದ್ದ ಕಬ್ಬಿಣ ಕೆಳಗೆ ಬಿತ್ತು, ಕಾಫಿ ರಾಶಿಯ ಮೇಲೆಯೇ ಕುಸಿದು ಕೂತರು. ನಾನು ಎದ್ದು ನಿಂತಾಗ, "ನೀ ಉಟ್ಟ?" ಎಂದರು, ನೀನು ಬದುಕಿದ್ದೀಯಾ ಎಂದು. ಯಾರೋ ಕಿಸಕ್ಕೆಂದು ನಕ್ಕುಬಿಟ್ಟು ಬಾಯಿ ಮುಚ್ಚಿಕೊಂಡರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನ ಮೇಲಿನ ಪ್ರೀತಿಯನ್ನು ಬಹಿರಂಗವಾಗಿ ತೋರಿಸಿದ್ದು ಅದೊಂದೇ ಸಲ.

ಹನ್ನೊಂದೂವರೆಯ ಸುಮಾರಿಗೆ ಚೀಲದೊಳಗೆ ಫೋನ್ ಹೊಡೆದುಕೊಂಡಿತು. ನಾನು ತೆಗೆದೆ. ಗುರುತಿಲ್ಲದ ನಂಬರ್. ನನ್ನ ಹೆಬ್ಬೆರಳು ಒತ್ತಲು ಹೊರಟದ್ದು ನಿಂತಿತು. ಅವಳ ಬದುಕಿನ ಎಲ್ಲ ಸುದ್ದಿಯನ್ನೂ ಮೊದಲು ನಾನು ಕೇಳಿ, ಅಳೆದು, ನನಗೆ ಸರಿ ಕಂಡಷ್ಟನ್ನು ಅವಳಿಗೆ ಬಡಿಸುತ್ತ ಬಂದಿದ್ದೆ. ಇನ್ನು ಅದು ಸಾಕು ಅನ್ನಿಸಿತು. ಹೊಡೆದುಕೊಳ್ಳುತ್ತಿದ್ದ ಫೋನನ್ನು ಹಾಗೇ ಅವಳ ಅಂಗೈಗೆ ಇಟ್ಟು, ಹಸಿರು ಒತ್ತು ಎಂದೆ. ಅವಳು ಎರಡು ಸಲ ತಪ್ಪಿ ಮೂರನೆಯ ಸಲ ಒತ್ತಿದಳು.

"ಅವ್ವಾ" ಎಂಬ ಸದ್ದು ನಮಗೂ ಕೇಳಿಸಿತು.

ಅವನಿಗೆ ಜ್ವರ ಬಂದು ಜಮ್ಮುವಿನಲ್ಲೇ ಉಳಿಸಿಕೊಂಡಿದ್ದರು. ಚಾರ್ಜರ್ ಇದ್ದ ಚೀಲ ಪಕ್ಕದ ಮಂಚದ ಗೆಳೆಯನ ಜೊತೆ ಬಸ್ಸಿನಲ್ಲಿ ಮುಂದೆ ಹೋಗಿತ್ತು, ಇವನ ಫೋನ್ ಸತ್ತಿತ್ತು. ಬೇರೆ ಯಾರದೋ ಫೋನಿನಿಂದ ಮಾತಾಡುತ್ತಿದ್ದ. ಆ ಬಸ್ಸು ಮುಟ್ಟಲಿಲ್ಲ ಎಂದು ಹೇಳಿದ. ದೇವಕಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಅವನ ಅವ್ವಂಗೆ ಗೊತ್ತಾತಾ?" ಎಂದು ಕೇಳಿದಳು. ಅವನು ಏನೆಂದನೋ ತಿಳಿಯದು.

ಕಣದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಪೂವಯ್ಯನವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡು, "ಇನ್ನು ಮುಂದೆ ಟೀಚರ ಕೈಗೆ ಒಂದೇ ತೋಟೆ ಕೊಡಿ ಮಾರಾಯ್ರೇ" ಎಂದು ನಮ್ಮವರಿಗೆ ತಾಕೀತು ಮಾಡಿದರು. ನಾನು ಮನೆಯ ಹಿಂದಕ್ಕೆ ಹೋಗಿ ಸೌದೆಕೊಟ್ಟಿಗೆಯಲ್ಲಿ ನಿಂತು ಅತ್ತೆ.

ಸಂಜೆ ಬಿಸಿಲಿಳಿದ ಮೇಲೆ ಅನ್ನ, ಸೊಪ್ಪಿನ ಸಾರು ಹಿಡಿಕೆಯ ಪಾತ್ರೆಯಲ್ಲಿ ಹಾಕಿಕೊಂಡು ದೇವಕಿಯ ಮನೆಗೆ ಹೋದೆ. ಅವಳು ಒಲೆ ಹೊತ್ತಿಸಿರಲಿಲ್ಲ. ಬೂದಿ ಹಾಗೇ ಇತ್ತು.

"ಒಲೆ ಹೊತ್ತಿಸಿಕೆ ಏನ್?" ಎಂದೆ.

"ಇಂದ್ ಬೇಡ. ಬಸ್ಸಿಲಿ ಹೋದ ಆ ಹುಡುಗನ ಮನೇಲಿ ಹೊತ್ತಿರಿಕಿಲ್ಲೆ" ಎಂದಳು.

ತಟ್ಟೆಗೆ ಬಡಿಸಿದೆ. ಅವಳು ಅನ್ನ ಕಲಸಿದಳೇ ಹೊರತು ಬಾಯಿಗಿಡಲಿಲ್ಲ. ನನ್ನನ್ನು ಕ್ಷಮಿಸು ಎಂದು ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಆಡಿದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ. ತಟ್ಟೆಯನ್ನೇ ನೋಡುತ್ತ ಹೇಳಿದಳು:

"ಗುಂಡು ಕೇಳ್ದಾಗ ನಂಗೆ ಮೊದ್ಲು ಎಂಥ ಆತ್ ಗೊತ್ತುಟ್ಟ ಅಕ್ಕ? ಸಮಾಧಾನ ಆತ್. ಕಾಯೂದು ಮುಗ್ತ್ ಅಲ್ಲ ಹೇಳಿ. ಒಂದೇ ಒಂದು ಗಳಿಗೆ. ಆಮೇಲೆ ಒಲೆಗೆ ನೀರು ಹೊಯ್ದೆ. ಹೆತ್ತವಳಿಗೆ ಹಂಗೆ ಆಕಾ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವವಳು ನಾನು. ತಾಯಿಯ ಕರುಳು, ದೇವರು, ಮನಸ್ಸಿನ ದಣಿವು, ಏನಾದರೂ ಹೇಳಿ ಅವಳ ತಲೆ ಸವರಬಹುದಿತ್ತು. ಅದು ಮತ್ತೊಮ್ಮೆ 'ಸ್ವಲ್ಪ ಪೆಟ್ಟು' ಎಂದ ಹಾಗೆಯೇ ಆಗುತ್ತಿತ್ತು. ಹಾಗಾಗಿ ನನಗೆ ಆದದ್ದನ್ನು ಹೇಳಿದೆ. ಫೋನಿನಲ್ಲಿ 'ಅವ್ವಾ' ಎಂದು ಕೇಳಿದಾಗ ಮೊದಲು ನನಗೆ ಬಂದದ್ದು ಲೋಕೇಶ ಬದುಕಿದ ಎಂದಲ್ಲ, ನಾನು ಬದುಕಿದೆ ಎಂದು. ಊರು ಇನ್ನು ನನ್ನ ಮೇಲೆ ಹೊರಿಸುವುದು ಏನೂ ಇಲ್ಲ ಎಂದು. ಹುಡುಗನ ನೆನಪು ಬಂದದ್ದು ಅದಾದ ಮೇಲೆ. ನಾಲ್ಕನೇ ಕ್ಲಾಸಿನಲ್ಲಿ ಅವನ ಕಿವಿ ಹಿಂಡಿದ ಕೈ ಇದು, ಅದೂ ಅವನನ್ನು ನೆನೆಯಲು ತಡಮಾಡಿತು.

ದೇವಕಿ ತಲೆ ಎತ್ತಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಎಡಗೈಯಲ್ಲಿ ಇನ್ನೊಂದು ತಟ್ಟೆ ಎಳೆದು, ಕಲಸಿದ ಅನ್ನದಲ್ಲಿ ಅರ್ಧ ಅದಕ್ಕೆ ಸರಿಸಿ, ನನ್ನ ಮುಂದಕ್ಕೆ ತಳ್ಳಿದಳು.

"ನೀವೂ ನಿನ್ನೆಂದ ಉಂಡಿಕಿಲ್ಲೆ" ಎಂದಳು. "ಉಣ್ಣಿ."

ಅವಳು ಮೊದಲ ತುತ್ತು ಬಾಯಿಗಿಟ್ಟ ಮೇಲೆ ನಾನೂ ಉಂಡೆ.